ಬೀರುವಿನಲ್ಲಿ ಕೂತ ಹತ್ತಿಯ ಚೆಕ್ಕುಗಳು

ಆ ಶನಿವಾರವೂ ಎಂದಿನಂತೆ ಹಾಲು ಕಾಯಿಸಿ, ಇವರ ಡಬ್ಬಿಗೆ ಚಿತ್ರಾನ್ನ ತುಂಬಿ, ಮಕ್ಕಳ ಸಮವಸ್ತ್ರಕ್ಕೆ ಇಸ್ತ್ರಿ ಮಾಡುತ್ತಿದ್ದೆ. ಚಳ್ಳಕೆರೆಯ ಆಷಾಢದ ಗಾಳಿ ಕಿಟಕಿಯ ಸಂದಿಯಿಂದ ನುಗ್ಗಿ, ಆಗಷ್ಟೇ ಒರೆಸಿದ ನೆಲದ ಮೇಲೆ ಮತ್ತೆ ಧೂಳು ಹರಡುತ್ತಿತ್ತು. ಅಷ್ಟರಲ್ಲಿ ತಳಕು ಹಳ್ಳಿಯ ಕಡೆಯಿಂದ ನಮಗೆ ಬೆಣ್ಣೆ ತರುತ್ತಿದ್ದಾಕೆ ಬಾಗಿಲಿಗೆ ಬಂದಳು. ಗಂಡ ಕುರಿಹಿಂಡಿನ ಹಿಂದೆ ಊರೂರು ತಿರುಗುವವನು. ಹತ್ತಿ ಹೊಲದ ಕೆಲಸವೆಲ್ಲ ಇವಳದೇ. ಅಂದು ಬೆಣ್ಣೆ ತಂದಿರಲಿಲ್ಲ. ಪೆಟ್ಟಿಗೆಯ ಮಡಿಕೆ ಇನ್ನೂ ಬಿಡದ ಹಸಿರು ಸೀರೆ ಉಟ್ಟಿದ್ದಳು.

“ಇವತ್ತಾದ್ರೂ ಕೊಡ್ತಾರೇನ್ರಿ ಅಮ್ಮಾರೇ?”

ಹತ್ತಿ ಬೆಳೆಗಾರರಿಗೆ ಸರ್ಕಾರ ಮಂಜೂರು ಮಾಡಿದ್ದ ಸಹಾಯಧನದ ಮಾತು ಅದು. ಅದರಲ್ಲೇ ಬೀಜ ತಂದು ಬಿತ್ತಬೇಕೆಂದು ಕಾದಿದ್ದಳು. ಚೆಕ್ಕುಗಳನ್ನು ಬರೆದವರು ನಮ್ಮ ಯಜಮಾನರೇ, ಆ ಕಚೇರಿಯ ಗುಮಾಸ್ತರು. ಸಹಿ, ಮೊಹರು ಬಿದ್ದು ಎಷ್ಟೋ ದಿನವಾಗಿತ್ತು. ಆದರೆ ಹಂಚುವುದಕ್ಕೆ ದೊಡ್ಡ ಅತಿಥಿಯೊಬ್ಬರು ಬರಬೇಕಂತೆ, ಅವರಿಗೋ ಬಿಡುವಿಲ್ಲ. ಸಮಾರಂಭ ಮುಂದಕ್ಕೆ ಹೋಯಿತು, ಮತ್ತೂ ಹೋಯಿತು. ನಡುವೆ ಒಂದು ಒಳ್ಳೆಯ ಮಳೆ ಬಿದ್ದು ಎರೆಮಣ್ಣಿನ ಹೊಲಗಳೆಲ್ಲ ಬಿತ್ತನೆಗೆ ಹದವಾದವು. ಚೆಕ್ಕುಗಳು ಮಾತ್ರ ಬೀರುವಿನೊಳಗೆ ಬೀಗ ಹಾಕಿಸಿಕೊಂಡು ಕೂತಿದ್ದವು.

“ಗಾಳಿ ನೋಡ್ರಿ ಹೆಂಗೈತೆ, ಹಸಿನೆಲ್ಲಾ ಹೀರ್ತೈತೆ. ಇವತ್ತು ಬೀಜ ಸಿಕ್ರೆ ನಾಳೆ ಮುಂಜಾನೆಗೇ ಬಿತ್ತಿಬಿಡ್ತೀನಿ. ತಪ್ಪಿದ್ರೆ ಈ ಹದ ಮುಗೀತು,” ಅಂದಳು.

ಕಾನ್ವೆಂಟಿನಲ್ಲಿ ಹಾಡು ಕಲಿತವಳೆಂದು ಅಂದಿನ ಸಮಾರಂಭದ ಪ್ರಾರ್ಥನೆಗೆ ನನ್ನನ್ನೂ ಕರೆದಿದ್ದರು. ಇಬ್ಬರೂ ಜೊತೆಯಲ್ಲೇ ಹೋದೆವು. ಬೆಳಿಗ್ಗೆಯ ಸಮಾರಂಭಕ್ಕೆ ಅತಿಥಿ ಬಂದದ್ದು ಊಟದ ಹೊತ್ತೂ ದಾಟಿದ ಮೇಲೆ. ಅಷ್ಟರಲ್ಲಿ ಬ್ಯಾಂಕಿನ ಶನಿವಾರದ ಅರ್ಧ ದಿನ ಮುಗಿದು ಬಾಗಿಲು ಹಾಕಿತ್ತು. ವೇದಿಕೆಯ ಮೇಲಿದ್ದವರಿಗೆ ಎಳನೀರು, ಕೆಳಗೆ ಕೂತವರಿಗೆ ಭಾಷಣ. ಅತಿಥಿಗಳು “ಸಕಾಲದಲ್ಲಿ ನೆರವು” ಎಂದಾಗ ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಇವಳ ಸರದಿ ಬಂದಾಗ ಫೋಟೋದವನ ಫ್ಲ್ಯಾಶ್ ಹೊತ್ತಲಿಲ್ಲ. ಕೈಗೆ ಬಂದ ಚೆಕ್ಕನ್ನು ವಾಪಸು ತೆಗೆದುಕೊಂಡು, ಸೆರಗು ಸರಿಮಾಡಿಕೊಳ್ಳಲು ಹೇಳಿ, ಮತ್ತೊಮ್ಮೆ ಕೊಟ್ಟರು.

ನೇರ ಬೀಜದಂಗಡಿಗೆ ಹೋದೆವು. ಅಂಗಡಿಯವನು ಚೆಕ್ಕು ಮುಟ್ಟಲೂ ಇಲ್ಲ. “ಸೋಮವಾರ ರೊಕ್ಕ ತಗಂಡು ಬಾರಕ್ಕ,” ಅಂದ. ನನ್ನ ಪರ್ಸಿನಲ್ಲಿದ್ದುದು ಒಂದು ಪೊಟ್ಟಣಕ್ಕೂ ಸಾಲುತ್ತಿರಲಿಲ್ಲ.

“ಎರಡು ಸಲ ಕೊಟ್ರು ನೋಡ್ರಿ,” ಎಂದು ಅವಳು ನಕ್ಕಳು. “ಇದನ್ನೇ ಹೊಲದ ಸಾಲಿಗೆ ಹಾಕ್ಲೇನ್ರಿ ಅಮ್ಮಾರೇ? ಹುಟ್ಟೀತಾ?” ಚೆಕ್ಕನ್ನು ಸೆರಗಿಗೆ ಗಂಟು ಹಾಕಿಕೊಂಡು ಬಸ್ಸಿಗೆ ನಡೆದಳು.

ನನಗೆ ನಗು ಬರಲಿಲ್ಲ. ವಾಪಸು ಬರುವಾಗ ಶಾಮಿಯಾನದ ಹತ್ತಿರ ಯಜಮಾನರ ಕಚೇರಿಯ ಸಾಹೇಬರು ಸಿಕ್ಕರು. ಮಳೆ ಬಿದ್ದ ದಿನವೇ ಯಾಕೆ ಕೊಡಲಿಲ್ಲ ಎಂದು ಕೇಳಿಯೇಬಿಟ್ಟೆ. “ಅತಿಥಿಗಳ ಕೈಯಿಂದ ಕೊಟ್ರೆ ರೈತರಿಗೂ ಒಂದು ಗೌರವ ಅಲ್ವಾ ಮೇಡಂ?” ಎಂದರು, ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತ. ಗೌರವವಂತೆ! ಸಹಿ ಬಿದ್ದ ದಿನವೇ ಅದು ಅವಳ ಹಣ. ಅವಳ ಹಣವನ್ನು ಅವಳಿಗೆ ಕೊಡಲು ಇನ್ನೊಬ್ಬರ ಬಿಡುವು ಏಕೆ ಬೇಕು? ನೆಲದ ಹಸಿ ಯಾರ ಕಾರಿಗೆ ಕಾಯುತ್ತದೆ? ಮನೆಯಲ್ಲಿ ಇವರನ್ನೂ ಕೇಳಿದೆ. “ಬೀರುವಿನ ಕೀಲಿಕೈ ನನ್ನ ಹತ್ರ ಇರ್ತದೇನೇ?” ಎಂದು ಪತ್ರಿಕೆ ಬಿಡಿಸಿದರು. ಅವರು ಹೇಳಿದ್ದು ನಿಜವೇ. ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು.

ಸಂಜೆ ಬಾಗಿಲಿಗೆ ನೀರು ಹಾಕುತ್ತಿದ್ದಾಗ ಎದುರುಮನೆಯಾಕೆ ಒಣಗಿದ ಬಟ್ಟೆ ಎತ್ತಿಕೊಳ್ಳುತ್ತ ಆಕಾಶ ನೋಡಿದರು.

“ಸದ್ಯ, ಇವತ್ತು ಮಳೆ ಬರ್ಲಿಲ್ಲ ಕಣ್ರೀ. ಅಷ್ಟು ಚೆಂದದ ಶಾಮಿಯಾನ, ಸುಮ್ನೆ ನೆಂದು ಹೋಗ್ತಿತ್ತು.”