ಡಾಕ್ಟರ ಹಳೆಯ ತೋಟಾ

ಅವರ ಬಲಭುಜ ಎಡಭುಜಕ್ಕಿಂತ ಬೆರಳಗಲ ಕೆಳಗಿತ್ತು. ಒಂದು ಭಾನುವಾರ ಮಾರಿಸ್‌ವಿಲ್‌ನ ಕ್ರಿಕೆಟ್ ಮೈದಾನದಲ್ಲಿ ಕ್ಯಾಚಿಗೆಂದು ಹಾರಿ, ಚೆಂಡನ್ನು ಕೈಬಿಡದೆ ನೆಲಕ್ಕೆ ಬಿದ್ದು ಮುರಿದುಕೊಂಡ ಹೆಗಲಿನ ಮೂಳೆ ಹಾಗೆ ಓರೆಯಾಗಿ ಕೂಡಿಕೊಂಡಿತ್ತು. ಸ್ವತಃ ಮೂಳೆ ಡಾಕ್ಟರಾಗಿದ್ದ ಅವರು ಕೇಳಿದವರಿಗೆಲ್ಲ ನಗುತ್ತ, "ಇನ್ನೊಬ್ಬ ಡಾಕ್ಟರ್ ಕೈಗೆ ಕೊಟ್ರೆ ಹೀಗೇ ಆಗೋದು" ಎನ್ನುತ್ತಿದ್ದರು.

ಅವರು ಕೊಡಗಿನವರು. ಅರವತ್ತರ ದಶಕದ ಕೊನೆಯಲ್ಲಿ ಅಮೆರಿಕದ ಕೆರೊಲಿನಾಕ್ಕೆ ಬಂದು ನೆಲೆಸಿದವರು. ನಮ್ಮ ಮನೆಯಿಂದ ಎರಡು ಮನೆ ಆಚೆ ಇದ್ದರು. ಲೋಹಗಳ ಸಂಶೋಧನೆಯಲ್ಲಿದ್ದ ನನ್ನನ್ನು 'ಸೈಂಟಿಸ್ಟ್ರೇ' ಎಂದೇ ಕರೆಯುತ್ತಿದ್ದರು. ನಾನು ಸಸ್ಯಾಹಾರಿ, ಅವರು ಬೇಟೆಗಾರರು. ಈ ಸ್ನೇಹವನ್ನು ಕಂಡು ನನ್ನ ಪತ್ನಿಗೆ ಕೊನೆಯವರೆಗೂ ಆಶ್ಚರ್ಯ.

ಪ್ರತಿ ಸೆಪ್ಟೆಂಬರಿನಲ್ಲಿ ಅವರ ಮನೆಯಲ್ಲಿ ಕೈಲ್‌ಪೊಳ್ದ್, ಅಂದರೆ ಆಯುಧಗಳ ಹಬ್ಬ. ಗ್ಯಾರೇಜಿನಿಂದ ಕಾರುಗಳನ್ನು ಹೊರಗೆ ನಿಲ್ಲಿಸಿ, ಒಳಗೆ ಮಣೆಯಿಟ್ಟು ಕೋವಿಗೆ ಗಂಧ, ಹೂವು ಏರಿಸುತ್ತಿದ್ದರು. ಊರಿನಲ್ಲಾದರೆ ಕೋವಿಯ ನಳಿಗೆಗೆ ಸಿಕ್ಕಿಸುವ ಕಾಡುಹೂವೇ ಬೇರೆ. ಇಲ್ಲಿ ಸೂಪರ್‌ಮಾರ್ಕೆಟ್ಟಿನ ಚೆಂಡುಹೂವು. ಊಟಕ್ಕೆ ಅಕ್ಕಿತರಿಯ ಉಂಡೆ ಕಡಂಬಿಟ್ಟು, ಹಂದಿ ಸಾರು, ನನ್ನ ಪಾಲಿಗೆಂದು ಬೇರೆ ಪಾತ್ರೆಯಲ್ಲಿ ಕುಂಬಳಕಾಯಿ ಪಲ್ಯ. ಆ ಬಳಿಕ ಅವರ ಆಸ್ಪತ್ರೆಯ ಗೆಳೆಯನೊಬ್ಬನ ಹೊಲಕ್ಕೆ ಡ್ರೈವ್ ಮಾಡಿಕೊಂಡು ಹೋಗಿ, ಕಂಬದ ಮೇಲೆ ತೆಂಗಿನಕಾಯಿ ಇಟ್ಟು ದೂರದಿಂದ ಗುಂಡು ಹೊಡೆಯುವ ಪಂದ್ಯ. ಡಾಕ್ಟರು ಒಂದೇ ಈಡಿಗೆ ಕಾಯಿ ಒಡೆಯುವುದು ವಾಡಿಕೆಯಾಗಿಬಿಟ್ಟಿತ್ತು.

ಒಂದು ವರ್ಷ ಅದು ತಪ್ಪಿತು. ೧೯೯೫ ಎಂದು ನನ್ನ ನೆನಪು, ೧೯೯೬ ಎಂದು ಪತ್ನಿಯ ವಾದ. ಮುಂದೆ ಹೇಳಲಿರುವ ಎಕ್ಸ್‌ರೇ ಫಿಲಂ ಅಟ್ಟದಲ್ಲಿ ಸಿಕ್ಕಿತು. ಅದರ ಮೂಲೆಯಲ್ಲಿ ೧೯೯೭ರ ಜನವರಿ ಎಂದಿದೆ. ಬೇಟೆ ಅದಕ್ಕೆ ಹಿಂದಿನ ಶರತ್ಕಾಲದ್ದು. ಆದ್ದರಿಂದ ಪತ್ನಿಯೇ ಸರಿ.

ಆ ಅಕ್ಟೋಬರಿನಲ್ಲಿ ಅವರು ರಾಕಿ ಪರ್ವತಗಳಲ್ಲಿ ಎಲ್ಕ್ ಬೇಟೆಗೆ ಹೊರಡುವವರಿದ್ದರು. ಎಲ್ಕ್ ಎಂದರೆ ನಮ್ಮ ಕಡವೆಗೆ ಅಣ್ಣನಂತಿರುವ ಪ್ರಾಣಿ. ಅಷ್ಟು ದೊಡ್ಡದಕ್ಕೆ, ಅಷ್ಟು ದೂರದಿಂದ ಹೊಡೆಯಲು ಯಾವ ತೋಟಾ ಸರಿ ಎಂದು ಬೇಸಿಗೆಯಿಡೀ ನಮ್ಮಿಬ್ಬರ ಚರ್ಚೆ. ಅವರ ಬಳಿ ಇದ್ದದ್ದು ಥರ್ಟಿ-ಆಟ್-ಸಿಕ್ಸ್ ತೋಟಾದ ಹಳೆಯ ಕೋವಿ. ಗೆಳೆಯರೆಲ್ಲ ಅದನ್ನು ಬಿಟ್ಟು, ಹೆಚ್ಚು ಮದ್ದು ಹಿಡಿಯುವ ತೋಟಾದ ಮ್ಯಾಗ್ನಮ್ ಕೊಳ್ಳಲು ಹೇಳುತ್ತಿದ್ದರು. ಗುಂಡು ಎಷ್ಟು ದೂರಕ್ಕೆ ಎಷ್ಟು ಕೆಳಗಿಳಿಯುತ್ತದೆ, ಗಾಳಿಗೆ ಎಷ್ಟು ವಾಲುತ್ತದೆ, ಎಷ್ಟು ಶಕ್ತಿ ಉಳಿಯುತ್ತದೆ ಎಂದು ನಾನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದೆ. ಎಲ್ಲದರಲ್ಲಿಯೂ ಮ್ಯಾಗ್ನಮ್ಮೇ ಮುಂದಿತ್ತು. ಅವರು ಹೊಸ ಕೋವಿ ಕೊಂಡರು. ಹೊಡೆಯುವವರ ಭುಜದ ವಿಚಾರ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಆ ವರ್ಷದ ಹಬ್ಬದ ಪಂದ್ಯದಲ್ಲಿ ಡಾಕ್ಟರು ಹೊಸ ಕೋವಿಯಿಂದ ಮೊದಲ ಈಡು ಹಾರಿಸಿದರು. ಕಾಯಿ ಅಲ್ಲಾಡಲಿಲ್ಲ. ಎರಡನೆಯದಕ್ಕೂ ಇಲ್ಲ, ಮೂರನೆಯದಕ್ಕೂ ಇಲ್ಲ.

"ಡಾಕ್ಟರ್ ಅಂಕಲ್, ಕಾಯಿ ಇಲ್ಲಿದೆ, ಅಟ್ಲಾಂಟಾದಲ್ಲಿ ಅಲ್ಲ!" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ಅವರೂ ನಕ್ಕರು.

ವಾಪಸು ಬರುವಾಗ ಕಾರಿನಲ್ಲಿ ನಾವಿಬ್ಬರೇ.

"ನಮ್ಮಪ್ಪಂಗೆ ಇದೇ ವಯಸ್ಸಲ್ಲೇ ಕೈ ನಡುಕ ಶುರುವಾಗಿದ್ದು, ಸೈಂಟಿಸ್ಟ್ರೇ. ಕಾಫಿ ಲೋಟ ಹಿಡಿಯೋಕಾಗ್ತಿರ್ಲಿಲ್ಲ. ನಂಗೂ ಬಂತು."

"ಒಂದು ಕಾಯಿ ತಪ್ಪಿದ್ದಕ್ಕೆ ಇಷ್ಟೆಲ್ಲಾನಾ?"

"ಒಂದಲ್ಲ. ಎರಡು ತಿಂಗಳಿಂದ ಪ್ರಾಕ್ಟೀಸ್ ಮಾಡ್ತಿದೀನಿ, ಗುಂಡೆಲ್ಲ ಚೆಲ್ಲಾಪಿಲ್ಲಿ. ಮನೇಲಿ ಇವಳಿಗೂ ಹೇಳಿಲ್ಲ. ಬೇಟೆ ಹಾಳಾಗ್ಲಿ ಬಿಡಿ. ಈ ಕೈಲಿ ನಾಳೆ ಯಾರದೋ ಮಗು ಮೊಣಕೈ ಕೂರಿಸ್ಬೇಕು. ಆಪರೇಷನ್ ಮಾಡೋದು ನಿಲ್ಲಿಸ್ತೀನಿ ಅಂತ ಚೀಫ್‌ಗೆ ಹೇಳ್ಬಿಡ್ತೀನಿ."

"ಆಪರೇಷನ್ ಮಾಡುವಾಗ ಕೈ ನಡುಗಿದ್ಯಾ?"

"ಇನ್ನೂ ಇಲ್ಲ. ನಡುಗೋವರೆಗೂ ಕಾಯ್ಲಾ?"

ಸಂಶೋಧಕನಿಗೆ ತಿಳಿದಿರುವ ಉಪಾಯ ಒಂದೇ: ಪ್ರಯೋಗ. ಪರೀಕ್ಷೆಗೊಳಗಾದವನಿಗೆ ತನಗೆ ಸಿಕ್ಕಿದ್ದು ಏನೆಂದು ಗೊತ್ತಿರಬಾರದು. ಇದು ಔಷಧಿಗಳ ವಿಷಯದಲ್ಲಿ ಅವರಿಗೂ ಗೊತ್ತಿದ್ದ ಕ್ರಮವೇ. ಮುಂದಿನ ಶನಿವಾರ ಅದೇ ಹೊಲದಲ್ಲಿ ಅವರು ಬೇರೆಡೆ ಮುಖ ತಿರುಗಿಸಿ ನಿಂತರು. ಅದುವರೆಗೆ ಕೋವಿಯನ್ನು ಮುಟ್ಟದಿದ್ದ ನಾನು, ಅವರು ಹೇಳಿಕೊಟ್ಟಂತೆ ಒಮ್ಮೆ ನಿಜವಾದ ತೋಟಾ, ಒಮ್ಮೆ ಮದ್ದಿಲ್ಲದ ಹುಸಿ ತೋಟಾ ತುಂಬಿಕೊಟ್ಟೆ.

ಮ್ಯಾಗ್ನಮ್‌ನಲ್ಲಿ ಹುಸಿ ತೋಟಾದ ಸರದಿ ಬಂದಾಗ ಬರೀ 'ಟಿಕ್' ಎಂದಿತು. ಈಡು ಹಾರಲಿಲ್ಲ, ಆದರೂ ನಳಿಗೆಯ ತುದಿ ಸರಕ್ಕನೆ ನೆಲದ ಕಡೆಗೆ ಬಾಗಿತು. ಅವರ ಕಣ್ಣು ಮುಚ್ಚಿತ್ತು, ಬಲಭುಜ ಮುದುಡಿಕೊಂಡಿತ್ತು.

"ಡಾಕ್ಟ್ರೇ, ಇದು ನಡುಕ ಅಲ್ಲ. ಕೋವಿ ಭುಜಕ್ಕೆ ಒದೆಯತ್ತೆ ಅಂತ ಮೊದಲೇ ಹೆದರ್ತಾ ಇದೀರಿ."

ಅವರು ಹಳೆಯ ಕೋವಿಯನ್ನು ಎತ್ತಿಕೊಂಡರು. ಮೊದಲ ಹುಸಿ ತೋಟಾಕ್ಕೆ ನಳಿಗೆ ತುಸು ಅಲುಗಿತು. ನಡುವೆ ಕೆಲವು ನಿಜವಾದ ಈಡುಗಳಾದ ಮೇಲೆ ಮತ್ತೊಂದು ಹುಸಿ ತೋಟಾ ಇಟ್ಟೆ. 'ಟಿಕ್.' ನಳಿಗೆ ಗೋಡೆಗೆ ಹೊಡೆದ ಮೊಳೆಯಂತೆ ನಿಂತಿತ್ತು. ಇನ್ನೊಮ್ಮೆ ನೋಡಿದರೂ ಹಾಗೆಯೇ.

ಅವರು ಕೋವಿಯನ್ನು ಕೆಳಗಿಟ್ಟು ಹುಲ್ಲಿನ ಮೇಲೆ ಕುಳಿತು, ಎರಡೂ ಕೈಗಳನ್ನು ಮುಂದೆ ಚಾಚಿ, ಹೊಸದಾಗಿ ಕಂಡವರಂತೆ ನೋಡಿದರು. ಆಮೇಲೆ ನಗತೊಡಗಿದರು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು.

"ಮೂವತ್ತು ವರ್ಷದಿಂದ ಊರಿನೋರ ಭುಜ ಎಲ್ಲಾ ಪರೀಕ್ಷೆ ಮಾಡ್ದೆ. ನನ್ನ ಭುಜ ನೋಡೋಕೆ ಪುಳಿಚಾರು ಸೈಂಟಿಸ್ಟ್ ಬರ್ಬೇಕಾಯ್ತು!"

ಮನೆಗೆ ಬಂದು ಎಲ್ಲವನ್ನೂ ಹೆಂಡತಿಗೆ ಹೇಳಿದರು. ಆಕೆ, "ಎರಡು ತಿಂಗಳಿಂದ ನಿದ್ದೇಲಿ ಹೊರಳಾಡ್ತಿದ್ದು ಇದಕ್ಕೇನ್ರೀ?" ಎಂದು ಗದರಿಸಿ, ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಅಂದು ರಾತ್ರಿ ನಮ್ಮ ಮನೆಯಲ್ಲಿ, ಸಮಾಧಾನಕ್ಕೋ ಏನೋ, ಎಲ್ಲರಿಗೂ ಹಸಿವು ಹೆಚ್ಚಾಗಿತ್ತು.

ಮ್ಯಾಗ್ನಮ್ಮನ್ನು ಮಾರಿ, ಹಳೆಯ ಕೋವಿಯನ್ನೇ ಹೆಗಲಿಗೇರಿಸಿ ಬೆಟ್ಟಕ್ಕೆ ಹೋದರು. ಮೊದಲು ಕಂಡ ದೊಡ್ಡ ಎಲ್ಕ್ ಎದುರು ಕಣಿವೆಯ ಆಚೆ ನಿಂತಿತ್ತು. ಆ ತೋಟಾದಿಂದ ಅಷ್ಟು ದೂರಕ್ಕೆ ತಮಗೆ ಭರವಸೆಯಿಲ್ಲವೆಂದು ಕೋವಿ ಇಳಿಸಿದರಂತೆ. ಮೂರನೆಯ ದಿನ ತೆವಳಿಕೊಂಡು ಹತ್ತಿರ ಹೋಗಿ ಇನ್ನೊಂದನ್ನು ಹೊಡೆದರು. ಊರಿಗೆ ಬಂದು ಹೇಳಿದ್ದು ಇಷ್ಟೇ: "ಒಂದೇ ಈಡು. ನರಳಲಿಲ್ಲ ಅದು."

ಮರುವರ್ಷದ ಜನವರಿಯಲ್ಲಿ ಮಳೆನೀರು ಹೆಪ್ಪುಗಟ್ಟಿದ ಡ್ರೈವ್‌ವೇಯಲ್ಲಿ ನಾನು ಜಾರಿಬಿದ್ದೆ. ಬಲಗೈ ಮಣಿಕಟ್ಟು ಮೂರು ಕಡೆ ಮುರಿದಿದೆಯೆಂದು ಆ ಎಕ್ಸ್‌ರೇ ತೋರಿಸಿತು. ಆಪರೇಷನ್ ಟೇಬಲ್ಲಿನ ಮೇಲಿದ್ದ ನನ್ನ ಮುಖದ ಮೇಲೆ ಬಾಗಿ ಡಾಕ್ಟರು, "ಈ ಸಲ ಬ್ಲೈಂಡ್ ಟೆಸ್ಟ್ ನಿಮಗೆ, ಸೈಂಟಿಸ್ಟ್ರೇ. ಕಣ್ಣು ಮುಚ್ಕೊಳ್ಳಿ" ಎಂದರು. ಈ ಸಾಲುಗಳನ್ನು ಬರೆಯುತ್ತಿರುವುದು ಆ ಮಣಿಕಟ್ಟಿನಿಂದಲೇ.

ಅವರು ತೀರಿಕೊಂಡದ್ದು ಬಹಳ ವರ್ಷಗಳ ಮೇಲೆ, ನಿದ್ದೆಯಲ್ಲಿ. ಕೊಡಗಿನಲ್ಲಿ ಸಾವಿನ ಸುದ್ದಿ ಸಾರಲು ಎರಡು ಈಡು ಹಾರಿಸುವ ಪದ್ಧತಿಯಿದೆ. ನಮ್ಮ ಬೀದಿಯಲ್ಲಿ ಅದು ಸಾಧ್ಯವಿರಲಿಲ್ಲ. ಗೆಳೆಯನ ಹೊಲಕ್ಕೆ ಹೋದೆವು. ಅವರ ಪತ್ನಿ ಆ ಹಳೆಯ ಕೋವಿಯನ್ನು ಹಾರಿಸುವವರ ಕೈಗೆ ಕೊಡದೆ ಮೊದಲು ನನ್ನ ಮುಂದೆ ಹಿಡಿದರು.

"ನೀವು ತುಂಬಿಕೊಡಿ. ಅವರು ನೋಡದೇನೇ ಕೋವಿ ಇಸ್ಕೊಳ್ತಿದ್ದಿದ್ದು ನಿಮ್ಮ ಕೈಯಿಂದ ಮಾತ್ರ."

ತುಂಬಿಕೊಟ್ಟೆ. ಎರಡರಲ್ಲಿ ಯಾವುದೂ ಹುಸಿ ತೋಟಾ ಆಗಿರಲಿಲ್ಲ.