ಅಡುಗೆಮನೆಯ ಮೂಲಕ ಬಾಪ್ಪು

ಯಾರಾದರೂ ಕಪಾಟನ್ನೋ ಮಂಚವನ್ನೋ ಹೊತ್ತುಕೊಂಡು ಬಾಗಿಲಲ್ಲಿ ಸಿಕ್ಕಿಹಾಕಿಕೊಂಡರೆ ನಾನು ನಿಂತು ನೋಡುವವನು. ಕೈ ಕೊಡುವುದಿಲ್ಲ, ಸಲಹೆ ಕೊಡುತ್ತೇನೆ. ಸ್ವಲ್ಪ ಎಡಕ್ಕೆ, ಓರೆ ಮಾಡಿ, ಹಿಂದೆ ಬನ್ನಿ. ಈ ಚಟ ನನಗೆ ಅಂಟಿದ್ದು ಒಂದು ಬಿಲಿಯರ್ಡ್ಸ್ ಮೇಜಿನಿಂದ, ಅದೂ ನಮ್ಮದೇ ಸಾವಿನ ಮನೆಯಲ್ಲಿ.

ಐವತ್ತರ ದಶಕದಲ್ಲಿ ಊರು ಬಿಟ್ಟು ಹೊರಟ ಇಂಗ್ಲಿಷ್ ದೊರೆಯೊಬ್ಬನ ಸಾಮಾನು ಹರಾಜಾದಾಗ ನಮ್ಮ ಬಾಪ್ಪು, ಎಂದರೆ ಅಪ್ಪನ ತಮ್ಮ, ಆ ಮೇಜನ್ನು ಕೊಂಡುಬಂದರು. ಬಿಚ್ಚಿ ತಂದದ್ದರಿಂದ ದೇರೆಬೈಲಿನ ನಮ್ಮ ಮನೆಯೊಳಗೆ ಹೊಕ್ಕಿತು. ಜೋಡಿಸಿದ ಮೇಲೆ ಊಟದ ಕೋಣೆಯಲ್ಲಿ ಬೇರೇನಕ್ಕೂ ಜಾಗ ಉಳಿಯಲಿಲ್ಲ. ಹಲಗೆ ಹಾಸಿ ಅದರ ಮೇಲೆಯೇ ಉಣ್ಣುತ್ತಿದ್ದೆವು. ಮಳೆಗಾಲದಲ್ಲಿ ಅದರ ಹಸಿರು ಬಟ್ಟೆಗೆ ಬೂಷ್ಟು ಹಿಡಿಯುತ್ತಿತ್ತು.

ಅಪ್ಪ ತೀರಿಕೊಂಡಿದ್ದರು, ಮದುವೆಯಾಗದ ಬಾಪ್ಪುವೇ ನಮಗೆ ದಿಕ್ಕು. ನನ್ನ ತಂಗಿ ಲಿಲ್ಲಿ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಡುಮ್ಕಿ ಹೊಡೆದು ಕೂತಿದ್ದಳು. "ಪುಸ್ತಕ ಬಿಡು, ಕೋಲು ಹಿಡಿ," ಎಂದು ಬಾಪ್ಪು ಅವಳನ್ನು ಮೇಜಿಗೆ ಕರೆದರು. ಚೆಂಡು ರಬ್ಬರಿನ ಅಂಚಿಗೆ ಯಾವ ಓರೆಯಲ್ಲಿ ಬಡಿಯುತ್ತದೋ ಅದೇ ಓರೆಯಲ್ಲಿ ಮರಳುತ್ತದೆ. ಗ್ರೀಕರು ಇದೇ ನಿಯಮವನ್ನು ಕನ್ನಡಿಯಲ್ಲಿ ಕಂಡರಂತೆ. ಲಿಲ್ಲಿಯೂ ಕನ್ನಡಿಯ ಮುಂದೆ ಬೇಕಾದಷ್ಟು ಹೊತ್ತು ಕಳೆದವಳೇ, ಅವಳಿಗೇನೂ ಕಂಡಿರಲಿಲ್ಲ. "ಲೆಕ್ಕ ಇರುದು ಪರೀಕ್ಷೆಗಲ್ಲ, ಮನೆಯಲ್ಲಿ ಬಳಸ್ಲಿಕ್ಕೆ," ಎನ್ನುವುದು ಬಾಪ್ಪುವಿನ ವಾದ. ಆ ಮನೆಯಲ್ಲಿ ಅದನ್ನು ನಂಬಿದವರು ಅವರೊಬ್ಬರೇ.

ಆ ಮಳೆಗಾಲ ಅವರ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಮೊದಲು ದನಿ ಹೋಯಿತು, ಆಮೇಲೆ ಕಾಲಿನ ಬಲ. ಪಾಠ ಮಾತ್ರ ನಿಲ್ಲಲಿಲ್ಲ. ಗುರಿಯ ದಾರಿಗೆ ಇನ್ನೊಂದು ಚೆಂಡು ಅಡ್ಡ ಬಂದು ಲಿಲ್ಲಿ ಕೈಚೆಲ್ಲಿದರೆ, ಕುರ್ಚಿಯಲ್ಲಿ ಕುಳಿತ ಬಾಪ್ಪು ಕೋಲಿನಿಂದ ಪಕ್ಕದ ಅಂಚನ್ನು ಕುಟ್ಟಿ ತೋರಿಸುತ್ತಿದ್ದರು. ಅಲ್ಲಿಗೆ ಹೊಡೆ, ಸುತ್ತಿ ಹೋಗುತ್ತದೆ ಎಂದು ಅರ್ಥ. ಪರೀಕ್ಷೆಗೆ ಮೊದಲೇ ಅವರು ಹೋಗಿಬಿಟ್ಟರು. ನನಗೆ ಅಳುವಿಗಿಂತ ಮುಂಚೆ ಸಿಟ್ಟು ಬಂತು.

ಬಿಳಿ ಬಟ್ಟೆ ಹಾಸಿ ಅವರನ್ನು ಆ ಮೇಜಿನ ಮೇಲೆಯೇ ಮಲಗಿಸಿದೆವು. ಶವಪೆಟ್ಟಿಗೆ ತಂದವರು ಮುಂಬಾಗಿಲಿನಿಂದ ಬರುವ ಇಕ್ಕಟ್ಟಿನ ದಾರಿಯ ತಿರುವಿನಲ್ಲಿ ಅದನ್ನು ನೆಟ್ಟಗೆ ನಿಲ್ಲಿಸಿ ಒಳಗೆ ದಾಟಿಸಿದರು. ಖಾಲಿ ಪೆಟ್ಟಿಗೆಯನ್ನು ನಿಲ್ಲಿಸಬಹುದು. ವಾಪಸು ಹೋಗುವಾಗ ಅದು ಖಾಲಿ ಇರುವುದಿಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ಪ್ರಾರ್ಥನೆ ಮುಗಿದು, ಮುಚ್ಚಳ ಹಾಕಿ, ಎತ್ತಿಕೊಂಡು ಬಂದರೆ ಅದೇ ತಿರುವಿನಲ್ಲಿ ಪೆಟ್ಟಿಗೆ ಗೋಡೆಗೆ ಬಡಿಯಿತು. ಓರೆ ಮಾಡಿದಾಗ ಒಳಗೆ ಏನೋ ಜಾರಿದ ಸದ್ದಾಯಿತು.

ಹೆಗಲು ಕೊಟ್ಟಿದ್ದ ಪಕ್ಕದ ಮನೆಯ ನಾರಾಯಣಣ್ಣ, "ಎಂತ ಮಾಡುದು ಮಾರಾಯ, ಸ್ವಲ್ಪ ಎತ್ತಿ ನಿಲ್ಲಿಸುವಾ," ಎಂದರು.

"ನಿಲ್ಲಿಸ್ಬೇಡಿ," ಎಂದಳು ಅಮ್ಮ. "ನಿಲ್ಲಲಿಕ್ಕೆ ಆಗದೇ ಅಲ್ವಾ ಅವರು ಇಷ್ಟು ದಿನ ನರಳಿದ್ದು."

ಲಿಲ್ಲಿ ಮೂಲೆಯಲ್ಲಿದ್ದ ಬಿಲಿಯರ್ಡ್ಸ್ ಕೋಲು ತಂದು ಪೆಟ್ಟಿಗೆಯ ಉದ್ದಕ್ಕೆ ಹಿಡಿದಳು. ಅದೇ ಕೋಲಿನೊಂದಿಗೆ ಊಟದ ಕೋಣೆಯಿಂದ ಅಡುಗೆಮನೆಗೆ ಹೋಗಿ ನೆಲ ಅಳೆದಳು. "ಹಿಂದೆ ತನ್ನಿ, ಅಡುಗೆಮನೆಗೆ. ಇಲ್ಲಿ ತಿರುಗಿಸ್ಲಿಕ್ಕೆ ಜಾಗ ಉಂಟು. ಈ ಇನ್ನೊಂದು ಬಾಗಿಲಿಂದ ಮುಂಬಾಗಿಲು ನೇರ."

"ಸತ್ತವರನ್ನು ಅಡುಗೆಮನೆಗೆ ತರುದಾ?" ಎಂದು ಅಮ್ಮನ ಅಕ್ಕ, ನಮ್ಮ ಮಾವ್ಶಿ, ಎದೆಗೆ ಶಿಲುಬೆಯ ಗುರುತು ಹಾಕಿಕೊಂಡರು.

ಬಾಪ್ಪು ಮೇಜಿನ ಅಂಚನ್ನು ಕುಟ್ಟುತ್ತಿದ್ದ ಹಾಗೆ ಲಿಲ್ಲಿ ಕೋಲಿನಿಂದ ಅಡುಗೆಮನೆಯ ಬಾಗಿಲಿನ ದಾರಂದವನ್ನು ಕುಟ್ಟಿದಳು.

ದಿನಾ ಮಧ್ಯಾಹ್ನ ಬಂದು ಮುಚ್ಚಳ ತೆಗೆದು ಇವತ್ತು ಯಾವ ಮೀನು ಎಂದು ನೋಡುತ್ತಿದ್ದ ಒಲೆಯ ಪಕ್ಕದಲ್ಲಿ ಬಾಪ್ಪು ನಿಧಾನವಾಗಿ ತಿರುಗಿದರು. ಯಾವ ಗೋಡೆಗೂ ತಾಗದೆ, ಮಲಗಿಕೊಂಡೇ ಹೊರಗೆ ಹೋದರು. ಆಗ ನಾನು ಅತ್ತೆ.

ಲಿಲ್ಲಿ ಆ ವರ್ಷವೂ ಗಣಿತದಲ್ಲಿ ಫೇಲಾದಳು. ಅಮ್ಮ ಬೈಯಲಿಲ್ಲ. "ಬೇಕಾದ ಲೆಕ್ಕ ಮಾಡಿದ್ದಾಳೆ," ಎಂದಳು.

ಈಗ ಯಾರಾದರೂ ಹೊಸ ಮನೆಯ ನಕ್ಷೆ ತೋರಿಸಿದರೆ ನನ್ನ ಬೆರಳು ತಾನಾಗಿ ಮಲಗುವ ಕೋಣೆಯಿಂದ ಮುಂಬಾಗಿಲಿನವರೆಗೆ ಹೋಗಿ ಬರುತ್ತದೆ. ಎಲ್ಲೋ ಒಂದು ತಿರುವಿನಲ್ಲಿ ನಿಲ್ಲುತ್ತದೆ. ಮನೆಯವರು ನನ್ನ ಮುಖ ನೋಡುತ್ತಾರೆ. ಗಾಳಿ ಬೆಳಕು ಚೆನ್ನಾಗಿದೆ, ಅಡುಗೆಮನೆ ಮಾತ್ರ ಇನ್ನೂ ಸ್ವಲ್ಪ ದೊಡ್ಡದಿರಲಿ ಎಂದು ಹೇಳಿ ನಕ್ಷೆಯನ್ನು ಮಡಚಿ ಕೊಡುತ್ತೇನೆ.