ಕನ್ನಡಿ ಹೊತ್ತು ಕೊಡಚಾದ್ರಿ ಹತ್ತಿದ ತಂಡೇಲ

ಕೊಡೇರಿಯ ಚಂದಯ್ಯನನ್ನು ಚಂದಯ್ಯ ಎಂದೇ ಕರೆಯುವವರು ಎರಡು ಕಡೆ ಮಾತ್ರ ಸಿಗುತ್ತಾರೆ. ಒಂದು ಪಂಚಾಯಿತಿ ಕಚೇರಿ, ಇನ್ನೊಂದು ಗ್ಯಾಸ್ ಸಿಲಿಂಡರಿನ ಗಾಡಿ. ಉಳಿದ ಊರಿಗೆಲ್ಲ ಅವನು ತಂಡೇಲ. ದೋಣಿಯ ಹಿಂಬದಿ ನಿಂತು ಎತ್ತ ಹೋಗಬೇಕು, ಎಲ್ಲಿ ಬಲೆ ಬಿಡಬೇಕು ಎಂದು ಅಪ್ಪಣೆ ಕೊಡುವವನಿಗೆ ಸಿಗುವ ಹೆಸರು ಅದು. ಮೊಣಕಾಲು ಕೈಕೊಟ್ಟು ಅವನು ಕಡಲು ಬಿಟ್ಟು ಎರಡು ವರ್ಷವಾಯಿತು, ದೋಣಿ ಅಕ್ಕನ ಮಗ ಪ್ರವೀಣನ ಕೈಗೆ ಹೋಯಿತು, ಹೆಸರೊಂದು ಮಾತ್ರ ಇವನ ಹತ್ತಿರವೇ ಉಳಿಯಿತು. ಅದರ ಮೇಲೆ ಅವನಿಗೆ ಎಷ್ಟು ಜೀವ ಎಂದರೆ, ಯಾರಾದರೂ ಬರೀ ಚಂದಯ್ಯ ಎಂದರೆ ಕಿವಿ ಕೇಳಿಸದವನ ಹಾಗೆ ಇದ್ದುಬಿಡುತ್ತಿದ್ದ.

ಪ್ರವೀಣನ ದೋಣಿಯಲ್ಲಿ ಜಿಪಿಎಸ್ ಇದೆ. ಚಂದಯ್ಯನ ಕಾಲದಲ್ಲಿ ಇದ್ದದ್ದು ಗುಡ್ಡ. ಕೊಡೇರಿಯಿಂದ ಪಡುವಣಕ್ಕೆ, ನೀರಿನಡಿಯಲ್ಲಿ ಬಿಳಿಕಲ್ಲು ಎಂಬ ಬಂಡೆಯಿದೆ. ಅದರ ಸುತ್ತ ಮೀನು ಸೇರುತ್ತದೆ, ಆದರೆ ಮೇಲಿಂದ ನೋಡಿದರೆ ಎಲ್ಲ ಕಡೆಯಂತೆ ಅಲ್ಲೂ ನೀರೇ. ಚಂದಯ್ಯ ಘಟ್ಟದ ಕಡೆ ತಿರುಗಿ ನಿಲ್ಲುತ್ತಿದ್ದ. ಎಮ್ಮೆಯ ಹೆಗಲಿನಂಥ ಅಗಲ ಗುಡ್ಡವೊಂದು, ಹೊಳೆ ಕಡಲು ಸೇರುವ ಕೊಡೇರಿ ಅಳಿವೆಯ ಬಾಯಿಗೆ ನೇರ ಬಂದು ನಿಂತಿತೋ, ಹಗ್ಗಕ್ಕೆ ಕಟ್ಟಿ ಬಿಟ್ಟ ಕಲ್ಲು ಒಂಬತ್ತು ಮಾರಿಗೆ ತಳ ಮುಟ್ಟಿತೋ, "ಬಿಡಿನಾ ಬಲೆ!" ಎಂದು ಕೂಗುತ್ತಿದ್ದ. ನಲವತ್ತು ವರ್ಷದಲ್ಲಿ ಆ ಜಾಗ ಒಮ್ಮೆಯೂ ತಪ್ಪಲಿಲ್ಲ.

ಆ ಗುಡ್ಡವೇ ಕೊಡಚಾದ್ರಿ ಎಂದು ಅವನಿಗೆ ಹೇಳಿಕೊಟ್ಟದ್ದು ಅವನ ಹಿರಿಯರು. ಮಳೆಗಾಲ ಕಳೆದು ಕಡಲಿಗೆ ಇಳಿಯುವ ಮೊದಲ ದಿನ ಆ ಗುಡ್ಡಕ್ಕೆ ಮುಖ ಮಾಡಿ ಕಾಯಿ ಒಡೆಯುತ್ತಿದ್ದ. ಕೊಲ್ಲೂರಿಗೆ ಹತ್ತಾರು ಸಲ ಹೋಗಿ ಬಂದವನು ಮೇಲೆ ಹತ್ತಿದ್ದು ಮಾತ್ರ ಒಂದು ಸಲವೂ ಇಲ್ಲ. ದಿನಾ ಮುಖ ನೋಡುವವರ ಮನೆಗೆ ಯಾರು ನೆಂಟರಾಗಿ ಹೋಗುತ್ತಾರೆ?

ಕಳೆದ ಅಕ್ಟೋಬರಿನಲ್ಲಿ ಬಲೆ ಹೊಲಿಯುವ ಚಪ್ಪರದಲ್ಲಿ ಹನ್ನೆರಡು ಜನರ ಎದುರು ಪ್ರವೀಣ ಮೊಬೈಲು ಹಿಡಿದು ಬಂದ.

"ಮಾವ, ಒಂದ್ ಮಾತ್ ಹೇಳ್ತೆ, ಸಿಟ್ಟ್ ಮಾಡೂಕಾಗ. ನೀವ್ ಹೇಳು ಗುಡ್ಡ ಕೊಡಚಾದ್ರಿ ಅಲ್ಲ. ಈ ಮ್ಯಾಪ್ ಕಾಣಿ. ಕೊಡಚಾದ್ರಿ ಇನ್ನೂ ಬಡಗ್ ಬದಿಗಿತ್ತ್. ಅಲ್ಲೊಂದ್ ಚೂಪ್ ತುದಿ ಸಣ್ಣಕ್ ಕಾಂತ್ತಲ್ದಾ, ಅದೇ ಅಂಬ್ರ್."

ಚಂದಯ್ಯನಿಗೆ ಮೂಗಿನ ತುದಿಗೆ ಸಿಟ್ಟು ಬಂತು. "ನಿನ್ ಮೊಬೈಲ್ ಹುಟ್ಟೂಕ್ ಮುಂಚೆ ನಾನ್ ಆ ಗುಡ್ಡ ಕಂಡವ! ಅದ್ ಕೊಡಚಾದ್ರಿ ಅಲ್ದಿದ್ರೆ ಇನ್ ಮೇಲೆ ನನ್ನ ಯಾರೂ ತಂಡೇಲ ಅಂದ್ ಕರೂದೇ ಬ್ಯಾಡ!"

ಬಾಯಿಂದ ಬಿದ್ದ ಮೇಲೆ ಮಾತು ಮಾತೇ. ಅದೂ ಹನ್ನೆರಡು ಜೊತೆ ಕಿವಿಗೆ ಬಿದ್ದ ಮಾತು. ಇದ್ದದ್ದೊಂದು ಹೆಸರು, ಅದನ್ನೂ ತಾನೇ ಪಣಕ್ಕಿಟ್ಟು ಬಂದಿದ್ದ.

ಉಪಾಯ ಅವನಿಗೇ ಹೊಳೆಯಿತು. ಹಿಂದೊಮ್ಮೆ ಎಂಜಿನ್ ಕೆಟ್ಟು ನಡುನೀರಿನಲ್ಲಿ ನಿಂತಾಗ ಕನ್ನಡಿಯಲ್ಲಿ ಬಿಸಿಲು ಹಾಯಿಸಿ ದೂರದ ದೋಣಿಯನ್ನು ಕರೆದವನು ಅವನು. ಈಗ ತಾನು ಕನ್ನಡಿ ಹಿಡಿದು ಕೊಡಚಾದ್ರಿಯ ತುದಿಯಲ್ಲಿ ನಿಲ್ಲುವುದು. ಪ್ರವೀಣ ಆ ಹನ್ನೆರಡು ಜನರನ್ನೂ ದೋಣಿಯಲ್ಲಿ ಕರೆದುಕೊಂಡು ಹೋಗಿ ಬಿಳಿಕಲ್ಲಿನ ಮೇಲೆ ನಿಲ್ಲುವುದು. ಯಾವ ಗುಡ್ಡದ ನೆತ್ತಿಯಲ್ಲಿ ಮಿಂಚುತ್ತದೋ ಅದು ಕೊಡಚಾದ್ರಿ. ಮ್ಯಾಪೂ ಬೇಡ, ಜಗಳವೂ ಬೇಡ. ಪ್ರವೀಣನೂ ಒಪ್ಪಿದ.

ಕಪಾಟಿನ ಬಾಗಿಲಿನ ಕನ್ನಡಿ ಬಿಚ್ಚಲು ಕೂತಾಗ ಹೆಂಡತಿ ಸರೋಜ ಸೊಂಟಕ್ಕೆ ಕೈಕೊಟ್ಟು ನಿಂತಳು. "ಅದ್ ನನ್ ಕನ್ನಡಿ. ಅದ್ ಹೋಪಲ್ಲಿಗೆ ನಾನೂ ಬತ್ತೆ."

ನವೆಂಬರಿನಲ್ಲಿ ಎರಡು ದಿನ ಅಕಾಲ ಮಳೆ ಬಿದ್ದು ಆಕಾಶ ತೊಳೆದಿಟ್ಟಂತಾಯಿತು. ಮರುದಿನವೇ ಇಬ್ಬರೂ ಕೊಲ್ಲೂರಿನ ಬಸ್ಸು ಹತ್ತಿದರು. ಅಲ್ಲಿಂದ ಜೀಪು. ಆ ದಾರಿಯನ್ನು ದಾರಿ ಎನ್ನಲು ನನಗೆ ಮನಸ್ಸಿಲ್ಲ, ಹೊಂಡಗಳ ನಡುವೆ ಅಲ್ಲಲ್ಲಿ ಸ್ವಲ್ಪ ನೆಲ ಇತ್ತು ಅಷ್ಟೆ. ಬೇರೆ ಪ್ರವಾಸಿಗರು ಕಂಬಿ ಹಿಡಿದು ದೇವರ ಹೆಸರು ಹೇಳುತ್ತಿದ್ದರೆ ಚಂದಯ್ಯನಿಗೆ ಹಬ್ಬ. ಎರಡು ವರ್ಷದಿಂದ ಅಲುಗದ ನೆಲದ ಮೇಲೆ ಕೂತು ಕೂತು ಬೇಸತ್ತ ಮೈ ಅದು.

"ಅಳಿವೆ ದಾಟುವಾಗ ಹೀಂಗೇ ಎತ್ತಿ ಹಾಕೂದ್, ಗೊತ್ತಿತ್ತಾ?" ಎನ್ನುತ್ತಾ ಎದ್ದು ನಿಂತ.

"ಕೂಕಣಿ ಅಂದೆ! ಕನ್ನಡಿ ಒಡೂತ್ತ್," ಎಂದು ಸರೋಜ ಅವನ ಅಂಗಿ ಹಿಡಿದು ಎಳೆದಳು. ಹಾಸಿಗೆ ಚಾದರದಲ್ಲಿ ಸುತ್ತಿದ ಕನ್ನಡಿ ಅವಳ ಮಡಿಲಲ್ಲಿತ್ತು.

ಜೀಪು ನಿಂತ ಮೇಲೆ ಇನ್ನೂ ಕಾಲುದಾರಿ ಇತ್ತು. ಜೀಪು ಓಡಿಸುತ್ತಿದ್ದ ದಿನಕರನಿಗೆ ಈ ಕನ್ನಡಿ ಯಾಕೆಂದು ತಿಳಿಯದೆ ಇರಲಾಗಲಿಲ್ಲ, ತಾನೇ ಅದನ್ನು ಹೊತ್ತು ಜೊತೆಗೆ ಹೊರಟ. ಚಂದಯ್ಯನ ಮೊಣಕಾಲು ಹೆಜ್ಜೆಗೊಮ್ಮೆ ಕಿರುಗುಟ್ಟಿತು, ಅವನು ಕೇರ್ ಮಾಡಲಿಲ್ಲ. ಕೊನೆಯ ಏರಿನಲ್ಲಿ ಗಾಳಿ ಲುಂಗಿಯನ್ನು ಕಿತ್ತುಕೊಂಡು ಹೋಗುವಂತೆ ಬೀಸಿತು. ತುದಿಗೆ ಬಂದು ತಲೆ ಎತ್ತಿದ.

"ಸರೋಜಾ! ಹ್ವಾಯ್ ಸರೋಜಾ! ಕಾಣ್ ಇಲ್ಲ್! ನಮ್ ಕಡ್ಲ್ ಕಾಣ್!"

ಕೆಳಗೆ ಹಸಿರು ಕಾಡು, ಅದರಾಚೆ ಗದ್ದೆ ತೋಟ, ಅದರಾಚೆ ಬೆಳ್ಳಗೆ ಹೊಳೆಯುವ ಕಡಲು. ಬೈಂದೂರು ಬೆರಳ ತುದಿಯಷ್ಟು. ತೆಂಕಣಕ್ಕೆ, ಗಂಗೊಳ್ಳಿಯ ಅಳಿವೆ ಹೊಳೆಯುವಲ್ಲಿ, ಕುಂದಾಪುರ ಪೇಟೆಯ ಕಟ್ಟಡಗಳು ಚೆಲ್ಲಿದ ಅಕ್ಕಿಯ ಹಾಗೆ. ಇಡೀ ಬದುಕು ನೀರಿನಿಂದ ನೆಲ ನೋಡಿದವನು ಇವತ್ತು ನೆಲದಿಂದ ತನ್ನ ನೀರನ್ನು ನೋಡುತ್ತಿದ್ದ. ಅವನಿಗೆ ಕುಣಿಯುವಷ್ಟು ಸಂತೋಷವಾಯಿತು. ಮರವಂತೆ ಅಲ್ಲಿ, ಉಪ್ಪುಂದ ಅಲ್ಲಿ, ಅಗೋ ಕೊಡೇರಿ ಅಳಿವೆ ಎಂದು ಯಾರೂ ಕೇಳದಿದ್ದರೂ ಎಲ್ಲರಿಗೂ ತೋರಿಸಿದ.

ಅಳಿವೆ ತೋರಿಸುತ್ತಿದ್ದ ಕೈ ಅಲ್ಲೇ ನಿಂತಿತು.

ಎಡಗಡೆ ಕೆಳಗೆ, ಅಳಿವೆಯ ಬಾಯಿಗೆ ಸರಿಯಾಗಿ ಎದುರಾಗಿ, ಅಗಲ ಹೆಗಲಿನ ಗುಡ್ಡವೊಂದು ಅವನಿಗೆ ಬೆನ್ನು ಹಾಕಿ ನಿಂತಿತ್ತು. ಕಡಲಿನಿಂದ ನೋಡುವಾಗ ಅದರ ಬಲಕ್ಕೆ ಕಾಣುತ್ತಿದ್ದ ತಗ್ಗು ಇಲ್ಲಿಂದ ಎಡಕ್ಕಿತ್ತು. ನಲವತ್ತು ವರ್ಷ ಮುಖ ನೋಡಿದವನಿಗೆ ಬೆನ್ನಿನ ಗುರುತು ಸಿಗದೆ ಇರುತ್ತದೆಯೇ? ಪ್ರವೀಣ ಹೇಳಿದ್ದೇ ಸರಿ.

ಚಂದಯ್ಯ ಕನ್ನಡಿ ಮಿಂಚಿಸದೆ ಇಳಿದಿದ್ದರೆ ಕೇಳುವವರಿರಲಿಲ್ಲ. ಮೋಡ ಬಂತು ಎನ್ನಬಹುದಿತ್ತು, ಕನ್ನಡಿ ಒಡೆಯಿತು ಎನ್ನಬಹುದಿತ್ತು. ಅದು ಅವನ ತಲೆಗೆ ಬಂದದ್ದೂ ಹೌದು, ಬಾರದೇ ಇರಲು ಅವನೇನು ದೇವರಲ್ಲ. ಆದರೆ ಬಿಳಿಕಲ್ಲಿನ ಮೇಲೆ ದೋಣಿ ಕಾಯುತ್ತಿತ್ತು. ಚಾದರ ಬಿಚ್ಚಿದ. ಎಡಗೈ ಚಾಚಿ, ಎರಡು ಬೆರಳ ನಡುವೆ ಅಳಿವೆಯಾಚೆಯ ನೀರನ್ನು ಹಿಡಿದು, ಆ ಬೆರಳುಗಳ ಮೇಲೆ ಬಿಸಿಲು ಬೀಳುವಂತೆ ದಿನಕರನ ಕೈಯಲ್ಲಿದ್ದ ಕನ್ನಡಿಯನ್ನು ತಿರುಗಿಸಿದ. ಒಮ್ಮೆ, ಎರಡು ಸಲ, ಹತ್ತು ಸಲ.

ಸರೋಜಳ ಕೈಯಲ್ಲಿ ಫೋನು ಬಡಿದುಕೊಂಡಿತು. ಅವಳು ಸ್ಪೀಕರ್ ಹಾಕಿದಳು. ದೋಣಿಯ ಮೇಲಿನ ಕೂಗಾಟ ಕೊಡಚಾದ್ರಿಯ ತುದಿಗೆ ಕೇಳಿಸಿತು.

"ಕಾಂತ್ ಮಾವ! ಮಿಂಚ್ತ್! ನಕ್ಷತ್ರ ಕಂಡಂಗೆ ಕಾಂತ್!"

"ಯಾವ್ ಗುಡ್ಡದಲ್ಲಾ?" ಚಂದಯ್ಯ ಕೇಳಿದ.

ಆ ಕಡೆ ಕೂಗಾಟ ನಿಂತಿತು. ಆಮೇಲೆ ಪ್ರವೀಣನ ದನಿ ಸಣ್ಣದಾಗಿ ಬಂತು. "ನೀವ್ ಹೇಳ್ದ ಗುಡ್ಡದಲ್ಲೇ ಮಾವ. ದೊಡ್ಡದ್ರಲ್ಲೇ."

ಸರೋಜ "ಕಂಡ್ರ್ಯಾ!" ಎಂದು ಚಪ್ಪಾಳೆ ತಟ್ಟಿದಳು. ಚಂದಯ್ಯ ಫೋನು ಇಸಿದುಕೊಂಡ.

"ಪ್ರವೀಣಾ, ದೋಣಿಯಲ್ಲ್ ನಿಂತ್ಕಂಡ್ ದಿಕ್ಕ್ ಸುಳ್ಳ್ ಹೇಳೂಕಾಗ. ನಾನ್ ನಿಂಗೆ ಹಾಂಗೆ ಕಲ್ಸಲಿಲ್ಲ. ಆ ದೊಡ್ಡ ಗುಡ್ಡ ಇಲ್ಲೇ ನನ್ ಕಣ್ಣೆದುರಿಗೆ ಇತ್ತ್. ಸಮಾ ಹೇಳ್, ಎಲ್ಲ್ ಮಿಂಚ್ತ್?"

"ಬಡಗ್ ಬದಿ ಸಣ್ಣ್ ಚೂಪಿನಲ್ಲ್..."

ಸರೋಜಳ ಚಪ್ಪಾಳೆ ನಿಂತಿತು. ಅವಳು ಗಂಡನ ಮುಖ ನೋಡಲು ಹೆದರಿದಳು. ಚಂದಯ್ಯನಿಗೆ ಮಾತ್ರ ಮೊದಲು ಹೊಟ್ಟೆಯಲ್ಲೆಲ್ಲೋ ಗುಳುಗುಳು ಎಂದದ್ದು ಎದೆಗೇರಿ, ಬಾಯಿಗೆ ಬಂದು, ಗಹಗಹಿಸಿ ನಗು ಒಡೆಯಿತು. ನಲವತ್ತು ಕಾಯಿ! ನಲವತ್ತು ಕಾಯಿ ಕೊಡಚಾದ್ರಿಯ ಹೆಸರಲ್ಲಿ ಒಡೆದದ್ದೆಲ್ಲ ಆ ಪಕ್ಕದವನಿಗೆ ಹೋಗಿತ್ತು. ಕಣ್ಣೊರೆಸಿಕೊಂಡು ಅವನು ದಿನಕರನನ್ನು ಕೇಳಿದ, "ಮಾರಾಯಾ, ಆ ಗುಡ್ಡದ ಹೆಸ್ರೆಂತ?"

"ಅದಕ್ಕೆ ಹೆಸ್ರಿಲ್ಲೆ ಮರಾಯ್ರೆ. ಅಲ್ಲಿಗ್ ಯಾರೂ ಹೋತಿಲ್ಲೆ."

ಚಂದಯ್ಯ ಲುಂಗಿ ಇಳಿಬಿಟ್ಟು, ಆ ಗುಡ್ಡದ ಬೆನ್ನಿಗೆ ನೇರ ನಿಂತು ಕೈಮುಗಿದ. ಫೋನು ಇನ್ನೂ ಕಡಿದಿರಲಿಲ್ಲ.

"ಹ್ವಾಯ್," ಎಂದ ಪ್ರವೀಣ. ಹುಟ್ಟಿದಂದಿನಿಂದ ಮಾವ ಎಂದೇ ಕರೆದವನು ಹನ್ನೆರಡೂ ಜನಕ್ಕೆ ಕೇಳುವಂತೆ ಗಟ್ಟಿಯಾಗಿ ಕೇಳಿದ, "ಹಂಗಾರೆ ನಾಳಿಂದ ಬಲೆ ಬಿಡೂಕೆ ಯಾವ್ ಗುಡ್ಡ ಹಿಡೂದ್, ತಂಡೇಲ್ರೇ?"

ಚಂದಯ್ಯ ಫೋನನ್ನು ಬಾಯಿಯ ಹತ್ತಿರ ತಂದ. ಆಮೇಲೆ ದೋಣಿಯ ಹಿಂಬದಿಯಲ್ಲಿ ನಿಂತಾಗ ಬರುತ್ತಿದ್ದ ಅದೇ ದನಿಯಲ್ಲಿ ಕೂಗಿದ.

"ಅದೇ ದೊಡ್ಡದ್ ಹಿಡಿನಾ! ಮೀನಿಗೆಂತ ಗುಡ್ಡದ ಹೆಸ್ರ್ ಗೊತ್ತಿತ್ತಾ?"